ಬೆಳಗಿನ ಬಟ್ಟಲಿನಲ್ಲಿ ಅಡಗಿರುವ ಸಕ್ಕರೆ

ಮಠಕ್ಕೆ ಬರುವ ಹಿರಿಯ ಭಕ್ತರೊಡನೆ ಆರೋಗ್ಯದ ಮಾತು ಬಂದಾಗ ನಮಗೆ ಮತ್ತೆ ಮತ್ತೆ ಕೇಳಿಬರುವ ಅಳಲೊಂದಿದೆ. ‘ಎಣ್ಣೆಯ ತಿಂಡಿ ಬಿಟ್ಟೆವು, ಸಿಹಿ ಬಿಟ್ಟೆವು, ಬೆಳಿಗ್ಗೆ ಡಬ್ಬಿಯ ಕಾರ್ನ್‌ಫ್ಲೇಕ್ಸನ್ನು ಹಾಲಿನಲ್ಲಿ ಹಾಕಿಕೊಂಡು ಹಗುರವಾಗಿ ತಿನ್ನುತ್ತಿದ್ದೇವೆ, ಆದರೂ ರಕ್ತದ ಸಕ್ಕರೆ ಇಳಿಯಲೊಲ್ಲದು’ ಎಂಬುದು ಆ ಅಳಲು. ಕಿರಿಯ ತಾಯಂದಿರ ಚಿಂತೆ ಇನ್ನೊಂದು ಬಗೆಯದು. ‘ಮಗು ಬಣ್ಣದ ಡಬ್ಬಿಯದನ್ನಲ್ಲದೆ ಬೇರೇನನ್ನೂ ಬಾಯಿಗೆ ಹಾಕುವುದಿಲ್ಲ; ಡಬ್ಬಿಯ ಮೇಲೆ ವಿಟಮಿನ್, ಕಬ್ಬಿಣ ಎಂದೆಲ್ಲ ಬರೆದಿದೆ, ಒಳ್ಳೆಯದೇ ಇರಬೇಕು’ ಎಂದು ಅವರು ಸಮಾಧಾನ ತಂದುಕೊಳ್ಳುತ್ತಾರೆ. ಈ ಎರಡು ಮಾತುಗಳ ಬೇರು ಒಂದೇ. ನಾವು ಡಬ್ಬಿಯ ಮುಂಭಾಗವನ್ನು ಓದುತ್ತೇವೆ, ಹಿಂಭಾಗವನ್ನು ಓದುವುದಿಲ್ಲ.

ಇದನ್ನು ಸಣ್ಣ ಸಂಗತಿಯೆಂದು ಬಿಡುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಮಧುಮೇಹದ ಹೊಸ್ತಿಲಿನಲ್ಲಿದ್ದಾರೆ. ಹೊಸ್ತಿಲಿನಲ್ಲಿರುವವರು ಒಳಗೆ ಕಾಲಿಡದಂತೆ ತಡೆಯುವ ಶಕ್ತಿ ಔಷಧಕ್ಕಿಂತ ಮೊದಲು ಆಹಾರಕ್ಕೂ ನಡಿಗೆಗೂ ಇದೆ. ದಿನದ ಮೊದಲ ಆಹಾರದಿಂದಲೇ ಆ ಎಚ್ಚರ ಆರಂಭವಾಗಬೇಕು. ಆದ್ದರಿಂದ ಬೆಳಗಿನ ಉಪಾಹಾರಕ್ಕೆಂದು ಅಂಗಡಿಯಲ್ಲಿ ದೊರೆಯುವ ಸಿದ್ಧ ಧಾನ್ಯಗಳನ್ನು ಹೇಗೆ ಆರಿಸಬೇಕು, ನಮ್ಮ ಮನೆಯ ಧಾನ್ಯಗಳಿಂದಲೇ ಅಂಥ ಬಟ್ಟಲನ್ನು ಹೇಗೆ ತುಂಬಬಹುದು ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರ ಮಾಡೋಣ.

ಪಥ್ಯವಾಗಿ ಹುಟ್ಟಿದ್ದು, ಸಿಹಿಯಾಗಿ ಬೆಳೆದದ್ದು

ಡಬ್ಬಿಯ ಧಾನ್ಯದ ಚರಿತ್ರೆ ಸ್ವಾರಸ್ಯಕರವಾಗಿದೆ. ಅದು ಹುಟ್ಟಿದ್ದು ಮಾರುಕಟ್ಟೆಗಾಗಿ ಅಲ್ಲ, ರೋಗಿಗಳ ಪಥ್ಯಕ್ಕಾಗಿ. 1863ರಲ್ಲಿ ಅಮೆರಿಕದ ನ್ಯೂಯಾರ್ಕ್ ಪ್ರಾಂತದ ಆರೋಗ್ಯಧಾಮವೊಂದರಲ್ಲಿ ಜೇಮ್ಸ್ ಕೇಲಬ್ ಜಾಕ್ಸನ್ ಎಂಬ ವೈದ್ಯರು ತೌಡು ತೆಗೆಯದ ಗೋಧಿಹಿಟ್ಟನ್ನು ಸುಟ್ಟು, ಒಡೆದು, ಗಟ್ಟಿ ಕಾಳುಗಳಂಥ ಆಹಾರವೊಂದನ್ನು ಸಿದ್ಧಪಡಿಸಿದರು. ಅದು ಎಷ್ಟು ಗಟ್ಟಿಯೆಂದರೆ ರಾತ್ರಿಯೆಲ್ಲ ನೆನೆಸಿಟ್ಟು ಬೆಳಿಗ್ಗೆ ತಿನ್ನಬೇಕಾಗಿತ್ತು. ಮುಂದೆ ಮಿಷಿಗನ್ ಪ್ರಾಂತದ ಬ್ಯಾಟಲ್ ಕ್ರೀಕ್ ಎಂಬಲ್ಲಿ, ಸಸ್ಯಾಹಾರವನ್ನು ಎತ್ತಿಹಿಡಿಯುತ್ತಿದ್ದ ಕ್ರೈಸ್ತ ಪಂಥವೊಂದರ ಆರೋಗ್ಯಧಾಮವನ್ನು ನಡೆಸುತ್ತಿದ್ದ ವೈದ್ಯ ಜಾನ್ ಹಾರ್ವೆ ಕೆಲಾಗ್ ಮತ್ತು ಅವರ ತಮ್ಮ ವಿಲ್ ಕೀತ್ ಕೆಲಾಗ್ 1894ರಲ್ಲಿ ಬೇಯಿಸಿದ ಗೋಧಿಯನ್ನು ಉರುಳೆಗಳ ನಡುವೆ ಹಾಯಿಸಿ ತೆಳ್ಳನೆಯ ಹಪ್ಪಳದ ಚೂರುಗಳಂತೆ ಮಾಡುವ ವಿಧಾನವನ್ನು ಕಂಡುಕೊಂಡರು. ಗೋಧಿಯ ಬಳಿಕ ಮೆಕ್ಕೆಜೋಳದ ಸರದಿ ಬಂದಿತು.

ತಮ್ಮನಿಗೆ ಇದನ್ನು ಎಲ್ಲರಿಗೂ ಮಾರುವ ಆಸೆ. ರುಚಿಗಾಗಿ ಸಕ್ಕರೆ ಸೇರಿಸಬೇಕೆಂಬುದು ಅವರ ವಾದ. ಪಥ್ಯದ ಆಹಾರಕ್ಕೆ ಸಕ್ಕರೆ ಕೂಡದೆಂಬುದು ಅಣ್ಣನ ಹಟ. ಕೊನೆಗೆ 1906ರಲ್ಲಿ ತಮ್ಮ ತಮ್ಮದೇ ಕಂಪನಿಯನ್ನು ಆರಂಭಿಸಿದರು. ಲೋಕವನ್ನು ಗೆದ್ದದ್ದು ತಮ್ಮನ ರುಚಿ. 1952ರಲ್ಲಿ ಅದೇ ಕಂಪನಿ ಮಕ್ಕಳಿಗಾಗಿ ಸಕ್ಕರೆ ಲೇಪಿಸಿದ ಧಾನ್ಯವೊಂದನ್ನು ಹೊರತಂದಾಗ ಅದರ ಹೆಸರಿನಲ್ಲಿಯೇ ಸಕ್ಕರೆ ಎಂಬ ಪದವಿತ್ತು. ಮುಂದೆ ಜನ ಸಕ್ಕರೆಯ ಬಗ್ಗೆ ಎಚ್ಚರಗೊಂಡಾಗ ಆ ಪದ ಹೆಸರಿನಿಂದ ಹೋಯಿತು. ಡಬ್ಬಿಯೊಳಗಿನ ಸಕ್ಕರೆ ಹೋಗಲಿಲ್ಲ. ಭಾರತಕ್ಕೆ ಈ ಕಂಪನಿ ಬಂದದ್ದು 1994ರಲ್ಲಿ. ಪಥ್ಯವೆಂದು ಹುಟ್ಟಿದ ಆಹಾರವನ್ನು ಇಂದಿಗೂ ಪಥ್ಯವೆಂದೇ ನಂಬಿ ಕೊಳ್ಳುತ್ತಿರುವ ನಾವು, ನಡುವೆ ಅದರಲ್ಲಿ ಏನೇನು ಸೇರಿಕೊಂಡಿತು ಎಂಬುದನ್ನು ಅರಿಯಬೇಕು.

ದಿನಕ್ಕೆ ಎಷ್ಟು ಸಕ್ಕರೆ?

ಹಣ್ಣಿನೊಳಗೂ ಹಾಲಿನೊಳಗೂ ಸಹಜವಾಗಿರುವ ಸಕ್ಕರೆ ಬೇರೆ. ನಾವು ಅಥವಾ ತಯಾರಕರು ಹೊರಗಿನಿಂದ ಸೇರಿಸುವ ಸಕ್ಕರೆ ಬೇರೆ. ಬೆಲ್ಲ, ಜೇನುತುಪ್ಪ, ಪಾಕಗಳು, ಹಣ್ಣಿನ ರಸ ಎಲ್ಲವೂ ಈ ಎರಡನೆಯ ಗುಂಪಿಗೇ ಸೇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ನೀಡಿದ ಮಾರ್ಗಸೂಚಿಯಂತೆ ಇಂಥ ಸಕ್ಕರೆ ನಮ್ಮ ದಿನದ ಒಟ್ಟು ಶಕ್ತಿಯಲ್ಲಿ ಶೇ. 10ನ್ನು ಮೀರಬಾರದು, ಶೇ. 5ಕ್ಕಿಂತ ಕೆಳಗಿಳಿಸಿದರೆ ಇನ್ನೂ ಒಳಿತು. ದಿನಕ್ಕೆ 2,000 ಕ್ಯಾಲೊರಿ ಬೇಕಾಗುವ ವಯಸ್ಕರಿಗೆ ಶೇ. 10 ಎಂದರೆ 50 ಗ್ರಾಂ, ಶೇ. 5 ಎಂದರೆ 25 ಗ್ರಾಂ. ಒಂದು ಚಹಾ ಚಮಚೆಯಲ್ಲಿ ಸುಮಾರು 4 ಗ್ರಾಂ ಸಕ್ಕರೆ ಹಿಡಿಯುತ್ತದೆಂದು ಲೆಕ್ಕ ಹಾಕಿದರೆ, 25 ಗ್ರಾಂ ಎಂಬುದು ಆರು ಚಮಚೆಯಷ್ಟು. ದಿನಕ್ಕೆ 1,300 ಕ್ಯಾಲೊರಿ ಬೇಕಾಗುವ ಚಿಕ್ಕ ಮಗುವಿಗೆ ಈ ಶೇ. 5ರ ಮಿತಿ ನಾಲ್ಕೇ ಚಮಚೆ.

ಈಗ ಒಂದು ಬೆಳಗಿನ ಲೆಕ್ಕ ನೋಡೋಣ. 100 ಗ್ರಾಂನಲ್ಲಿ 28 ಗ್ರಾಂ ಸಕ್ಕರೆ ಸೇರಿಸಿದ ಸಿಹಿ ಧಾನ್ಯವೊಂದು ಮನೆಯಲ್ಲಿದೆಯೆಂದು ಇಟ್ಟುಕೊಳ್ಳೋಣ. ಡಬ್ಬಿಯ ಮೇಲೆ ‘ಒಂದು ಬಾರಿಗೆ 30 ಗ್ರಾಂ’ ಎಂದು ಬರೆದಿರುತ್ತದೆ. ಹಾಗೆ ತಿಂದರೆ ಸಕ್ಕರೆ ಸುಮಾರು 8 ಗ್ರಾಂ, ಎರಡು ಚಮಚೆ. ಆದರೆ ತೂಗಿ ತಿನ್ನುವವರು ಯಾರು? ಹಸಿದವರು ಬಟ್ಟಲು ತುಂಬಿಸಿದರೆ 60 ಗ್ರಾಂ ಸುಲಭವಾಗಿ ಆಗುತ್ತದೆ. ಆಗ ಸಕ್ಕರೆ 17 ಗ್ರಾಂ ಆಯಿತು. ಹಾಲಿಗೆ ಒಂದು ಚಮಚೆ ಸಕ್ಕರೆ ಹಾಕಿದರೆ 21 ಗ್ರಾಂ. ಜೊತೆಗೆ ಒಂದೊಂದು ಚಮಚೆ ಸಕ್ಕರೆಯ ಎರಡು ಲೋಟ ಕಾಫಿ ಕುಡಿದರೆ 29 ಗ್ರಾಂ. ಮಧ್ಯಾಹ್ನದ ಊಟಕ್ಕೆ ಕುಳಿತುಕೊಳ್ಳುವ ಮೊದಲೇ ವಯಸ್ಕರೊಬ್ಬರ ಆರು ಚಮಚೆಯ ಮಿತಿ ದಾಟಿಹೋಯಿತು. ಮಗುವಾದರೋ ಆ ಒಂದು ಬಟ್ಟಲಿನಲ್ಲಿಯೇ ತನ್ನ ದಿನದ ಪಾಲನ್ನು ಮುಗಿಸಿಬಿಡುತ್ತದೆ. ಸಿಹಿ ತಿಂದೆವೆಂದು ಯಾರಿಗೂ ಅನ್ನಿಸುವುದೇ ಇಲ್ಲ; ತಿಂದದ್ದು ‘ಆರೋಗ್ಯಕರ ಉಪಾಹಾರ’ವಲ್ಲವೇ!

ಡಬ್ಬಿಯ ಬೆನ್ನನ್ನು ಓದುವ ಕ್ರಮ

ನಮ್ಮ ದೇಶದ ಕಾನೂನಿನಂತೆ ಪೊಟ್ಟಣದ ಆಹಾರದ ಮೇಲೆ ಪೋಷಕಾಂಶಗಳ ಪಟ್ಟಿಯನ್ನೂ ಪದಾರ್ಥಗಳ ಪಟ್ಟಿಯನ್ನೂ ಮುದ್ರಿಸಬೇಕು. ಒಟ್ಟು ಸಕ್ಕರೆ ಎಷ್ಟು, ಸೇರಿಸಿದ ಸಕ್ಕರೆ ಎಷ್ಟು ಎಂಬುದನ್ನು ಬೇರೆ ಬೇರೆಯಾಗಿ ತೋರಿಸಬೇಕು. ಅಕ್ಷರ ಸಣ್ಣದಿರುತ್ತದೆ, ಬಹುಪಾಲು ಇಂಗ್ಲಿಷಿನಲ್ಲಿರುತ್ತದೆ ಎಂಬುದು ನಿಜ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರಿಂದಲೇ ಓದಿಸಬಹುದು. ಅದು ಅವರಿಗೂ ಪಾಠವಾಗುತ್ತದೆ. ನೋಡಬೇಕಾದದ್ದು ಐದೇ ಸಂಗತಿ.

ಮೊದಲನೆಯದು, 100 ಗ್ರಾಂನ ಲೆಕ್ಕ. ‘ಒಂದು ಬಾರಿಗೆ’ ಎಂಬ ಲೆಕ್ಕ ಡಬ್ಬಿಯಿಂದ ಡಬ್ಬಿಗೆ ಬೇರೆಯಾಗುವುದರಿಂದ ಎರಡು ಡಬ್ಬಿಗಳನ್ನು ಹೋಲಿಸಲು ಅದು ಒದಗುವುದಿಲ್ಲ. 100 ಗ್ರಾಂ ಘನ ಆಹಾರದಲ್ಲಿ 5 ಗ್ರಾಂಗೆ ಮೀರದಂತೆ ಸಕ್ಕರೆಯಿದ್ದರೆ ಮಾತ್ರ ಅದನ್ನು ‘ಕಡಿಮೆ ಸಕ್ಕರೆಯದು’ ಎಂದು ಕರೆಯಲು ನಮ್ಮ ನಿಯಮ ಒಪ್ಪುತ್ತದೆ. ಕೊಳ್ಳುವಾಗ ಈ 5 ಎಂಬ ಸಂಖ್ಯೆಯನ್ನು ನೆನಪಿನಲ್ಲಿಡಿ. ಇನ್ನೊಂದು ತುದಿಯಲ್ಲಿ, 100 ಗ್ರಾಂಗೆ 22.5 ಗ್ರಾಂ ಮೀರಿದ್ದನ್ನು ಬ್ರಿಟನ್ನಿನ ಪದ್ಧತಿಯಲ್ಲಿ ಕೆಂಪು ಗುರುತಿನಿಂದ ಎಚ್ಚರಿಸುತ್ತಾರೆ. ಅಂಥದನ್ನು ಉಪಾಹಾರವೆನ್ನುವುದಕ್ಕಿಂತ ಸಿಹಿತಿಂಡಿಯೆಂದು ತಿಳಿಯುವುದು ಲೇಸು.

ಎರಡನೆಯದು, ಪದಾರ್ಥಗಳ ಅನುಕ್ರಮ. ಯಾವುದು ತೂಕದಲ್ಲಿ ಹೆಚ್ಚೋ ಅದರ ಹೆಸರು ಮೊದಲು ಬರಬೇಕೆಂಬುದು ನಿಯಮ. ಮೊದಲ ಮೂರು ಹೆಸರುಗಳಲ್ಲಿ ಸಕ್ಕರೆ ಕಂಡರೆ ಆ ಡಬ್ಬಿಯನ್ನು ಮರಳಿ ಇಟ್ಟುಬಿಡಿ.

ಮೂರನೆಯದು, ಸಕ್ಕರೆಯ ಬೇರೆ ಬೇರೆ ಹೆಸರುಗಳು. ಸುಕ್ರೋಸ್, ಡೆಕ್ಸ್‌ಟ್ರೋಸ್, ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಕಾರ್ನ್ ಸಿರಪ್, ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್, ಹಣ್ಣಿನ ಸಾಂದ್ರರಸ, ಜೇನು, ಬೆಲ್ಲ ಇವೆಲ್ಲ ಒಂದೇ ಮನೆತನದವು. ಒಂದೇ ಡಬ್ಬಿಯಲ್ಲಿ ಇವುಗಳಲ್ಲಿ ಮೂರು ನಾಲ್ಕು ಸ್ವಲ್ಪ ಸ್ವಲ್ಪವಾಗಿ ಹಂಚಿಕೊಂಡಿದ್ದರೆ ಪ್ರತಿಯೊಂದೂ ಪಟ್ಟಿಯ ಕೆಳಗೆ ಹೋಗುತ್ತದೆ. ಒಟ್ಟು ಕೂಡಿಸಿದರೆ ಮಾತ್ರ ನಿಜ ತಿಳಿಯುತ್ತದೆ. ಮಾಲ್ಟೋಡೆಕ್ಸ್‌ಟ್ರಿನ್ ಎಂಬುದನ್ನು ಸಕ್ಕರೆಯೆಂದು ಎಣಿಸುವುದಿಲ್ಲವಾದರೂ ದೇಹದಲ್ಲಿ ಅದು ಬಹುಬೇಗ ಗ್ಲೂಕೋಸ್ ಆಗಿ ಮಾರ್ಪಡುತ್ತದೆ.

ನಾಲ್ಕನೆಯದು, ಧಾನ್ಯದ ನಿಜಸ್ವರೂಪ. ‘ಬಹುಧಾನ್ಯ’ ಎಂದರೆ ಹಲವು ಧಾನ್ಯಗಳಿವೆ ಎಂದಷ್ಟೇ ಅರ್ಥ. ಅವು ತೌಡು ಸಹಿತ ಇಡೀ ಧಾನ್ಯಗಳೆಂದಲ್ಲ. ಮೊದಲ ಹೆಸರು ಮೈದಾ ಅಥವಾ ಪಾಲಿಶ್ ಮಾಡಿದ ಅಕ್ಕಿಯಾಗಿದ್ದರೆ ಉಳಿದ ಧಾನ್ಯಗಳು ನೆಪಮಾತ್ರಕ್ಕೆ ಇವೆಯೆಂದು ತಿಳಿಯಬೇಕು. ಡಬ್ಬಿಯ ಮೇಲೆ ರಾಗಿಯ ತೆನೆಯ ಚಿತ್ರವನ್ನು ಹಾಕಿ ಅದನ್ನೇ ಎತ್ತಿ ಹೇಳಿದ್ದರೆ, ಒಳಗೆ ರಾಗಿ ಶೇಕಡಾ ಎಷ್ಟಿದೆ ಎಂಬುದನ್ನೂ ನಮೂದಿಸಬೇಕೆಂಬ ನಿಯಮವಿದೆ. ಆ ಶೇಕಡಾವಾರನ್ನು ಹುಡುಕಿ ನೋಡಿ. ಚಿತ್ರದಲ್ಲಿ ಕಂಡ ತೆನೆ ಪಟ್ಟಿಯಲ್ಲಿ ಒಂದು ಹಿಡಿಯಾಗಿ ಕುಗ್ಗಿರುವುದೂ ಉಂಟು.

ಐದನೆಯದು, ನಾರು ಮತ್ತು ಉಪ್ಪು. 100 ಗ್ರಾಂಗೆ 6 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ನಾರಿದ್ದರೆ ಉತ್ತಮ. ಸೋಡಿಯಂ ಎಂದು ಬರೆದಿರುವುದು ಉಪ್ಪಿನ ಅಂಶ. ಸಿಹಿ ಫ್ಲೇಕ್ಸ್‌ನಲ್ಲಿಯೂ ಅದು ಸಾಕಷ್ಟಿರುತ್ತದೆ. ಮಸಾಲೆ ಬೆರೆಸಿದ ಓಟ್ಸ್‌ನಲ್ಲಂತೂ ಹೇಳಬೇಕಾಗಿಲ್ಲ. ರಕ್ತದೊತ್ತಡವಿರುವವರು ಈ ಸಾಲನ್ನು ತಪ್ಪದೆ ಓದಬೇಕು.

ಸಕ್ಕರೆ ಕಡಿಮೆಯಿದ್ದರೆ ಸಾಕೇ?

ಆರಂಭದಲ್ಲಿ ಹೇಳಿದ ಹಿರಿಯರ ಅಳಲಿಗೆ ಇಲ್ಲಿ ಉತ್ತರವಿದೆ. ಸಾದಾ ಕಾರ್ನ್‌ಫ್ಲೇಕ್ಸ್‌ನಲ್ಲಿ ಸಿಹಿ ಧಾನ್ಯಗಳಷ್ಟು ಸಕ್ಕರೆ ಇರುವುದಿಲ್ಲ. ಆದರೆ ಮೆಕ್ಕೆಜೋಳದ ಹೊಟ್ಟು ಮತ್ತು ಮೊಳಕೆಯ ಭಾಗವನ್ನು ತೆಗೆದು, ಬೇಯಿಸಿ, ತೆಳ್ಳಗೆ ಒತ್ತಿ, ಹುರಿದಿರುವುದರಿಂದ ಅದರ ಪಿಷ್ಟ ಬಾಯಿಗೆ ಬಿದ್ದೊಡನೆ ಕರಗಲು ಸಿದ್ಧವಾಗಿರುತ್ತದೆ. ಆಹಾರವೊಂದು ರಕ್ತದ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆಂದು ಅಳೆಯುವ ಗ್ಲೈಸೆಮಿಕ್ ಸೂಚ್ಯಂಕದಲ್ಲಿ ಶುದ್ಧ ಗ್ಲೂಕೋಸಿಗೆ 100 ಅಂಕವಾದರೆ ಕಾರ್ನ್‌ಫ್ಲೇಕ್ಸ್‌ಗೆ ಸುಮಾರು 80. ನಾಲಿಗೆಗೆ ಸಿಹಿಯಲ್ಲದ್ದೂ ರಕ್ತದಲ್ಲಿ ಸಿಹಿಯಾಗುವುದು ಹೀಗೆ. ಬೇಗ ಏರಿದ ಸಕ್ಕರೆ ಬೇಗ ಇಳಿಯುವುದರಿಂದ ಹನ್ನೊಂದು ಗಂಟೆಯ ಹೊತ್ತಿಗೆ ಮತ್ತೆ ಹಸಿವು, ಮತ್ತೆ ಬಿಸ್ಕತ್ತು.

ಓಟ್ಸ್‌ನಲ್ಲಿಯೂ ಇದೇ ವಿವೇಕ ಬೇಕು. ಓಟ್ಸ್‌ನಲ್ಲಿರುವ ಬೀಟಾ-ಗ್ಲೂಕಾನ್ ಎಂಬ ನಾರು ಕೊಲೆಸ್ಟರಾಲನ್ನು ತಗ್ಗಿಸಲು ನೆರವಾಗುತ್ತದೆಂಬುದು ಸಿದ್ಧಪಟ್ಟ ಸಂಗತಿ. ಆದರೆ ಒಂದು ನಿಮಿಷದಲ್ಲಿ ಬೇಯುವಂತೆ ಪುಡಿಗೈದ ಓಟ್ಸ್ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಕತ್ತರಿಸಿದ ಅಥವಾ ದಪ್ಪನಾಗಿ ಒತ್ತಿದ ಓಟ್ಸ್ ನಿಧಾನವಾಗಿ ಜೀರ್ಣವಾಗುತ್ತದೆ. ಕೊಳ್ಳುವುದಾದರೆ ಬೇರೇನನ್ನೂ ಬೆರೆಸದ ದಪ್ಪ ಓಟ್ಸನ್ನೇ ಕೊಳ್ಳಿ. ಮ್ಯೂಸ್ಲಿ ಎಂಬ ಮಿಶ್ರಣದಲ್ಲಿ ಓಟ್ಸ್, ಬೀಜಗಳು, ಒಣಹಣ್ಣುಗಳಿರುತ್ತವೆ. ‘ಸಕ್ಕರೆ ಸೇರಿಸಿಲ್ಲ’ ಎಂಬ ಮ್ಯೂಸ್ಲಿಯಲ್ಲಿಯೂ ಒಣದ್ರಾಕ್ಷಿ, ಖರ್ಜೂರಗಳ ಸಿಹಿ ಇದ್ದೇ ಇರುತ್ತದೆ. ಗ್ರಾನೋಲಾ ಎಂಬುದು ಸಾಮಾನ್ಯವಾಗಿ ಪಾಕ ಮತ್ತು ಎಣ್ಣೆಯಲ್ಲಿ ಕಲಸಿ ಹುರಿದದ್ದು.

ಮಕ್ಕಳ ಹಾಲಿಗೆ ಬೆರೆಸುವ ಮಾಲ್ಟ್ ಪುಡಿಗಳಿಗೂ ಇದೇ ಮಾತು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2024ರ ಏಪ್ರಿಲ್‌ನಲ್ಲಿ, ಹಾಲು, ಧಾನ್ಯ ಮತ್ತು ಮಾಲ್ಟ್ ಆಧಾರಿತ ಪೇಯಗಳನ್ನು ‘ಹೆಲ್ತ್ ಡ್ರಿಂಕ್’ ಎಂಬ ಹೆಸರಿನಡಿ ಮಾರಬಾರದೆಂದು ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿತು. ಆ ಹೆಸರಿಗೆ ನಮ್ಮ ಆಹಾರ ಕಾನೂನಿನಲ್ಲಿ ವ್ಯಾಖ್ಯೆಯೇ ಇಲ್ಲ.

ನಮ್ಮ ಕಣಜದಲ್ಲಿಯೇ ಇರುವ ಸಿದ್ಧ ಧಾನ್ಯ

ಧಾನ್ಯವನ್ನು ಅರಳಿಸಿ, ಒತ್ತಿ, ಹುರಿದು, ಬೇಕೆಂದಾಗ ಹಾಲು ಮಜ್ಜಿಗೆಯಲ್ಲಿ ಕಲಸಿ ತಿನ್ನುವ ವಿದ್ಯೆ ನಮಗೆ ಹೊಸದಲ್ಲ. ಅವಲಕ್ಕಿ ಒತ್ತಿದ ಧಾನ್ಯವೇ. ಉತ್ತರ ಕರ್ನಾಟಕದ ಮನೆಗಳಲ್ಲಿ ನಾಗರ ಪಂಚಮಿಗೆ ಹುರಿಯುವ ಜೋಳದ ಅಳ್ಳು ತೌಡು ಸಹಿತ ಅರಳಿದ ಇಡೀ ಧಾನ್ಯ. ಹಳೆಯ ಮೈಸೂರಿನ ರಾಗಿ ಹುರಿಹಿಟ್ಟು ಹೊಲಕ್ಕೆ ಹೋಗುವವರ ಬುತ್ತಿಯಾಗಿತ್ತು. ಇವುಗಳಿಗೆ ಬಣ್ಣದ ಡಬ್ಬಿ ಇರಲಿಲ್ಲ, ಅಷ್ಟೇ. ಭಾರತದ ಪ್ರಸ್ತಾವದಂತೆ ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಬಳಿಕ ನವಣೆ, ಸಾಮೆ, ಸಜ್ಜೆಗಳೂ ಪೇಟೆಯ ಅಂಗಡಿಗಳಿಗೆ ಮರಳಿವೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣದಂಶ ಮತ್ತು 11 ಗ್ರಾಂ ನಾರಿದೆ. ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, 10 ಗ್ರಾಂ ನಾರಿದೆ. ರಾಗಿಯನ್ನು ಮೊಳಕೆ ಬರಿಸಿ ಒಣಗಿಸಿ ಬೀಸಿದರೆ ಪಿಷ್ಟದ ಒಂದಂಶ ತಾನೇ ಸಿಹಿಯಾಗುತ್ತದೆ, ಕಬ್ಬಿಣದಂಶ ದೇಹಕ್ಕೆ ಹೆಚ್ಚು ದಕ್ಕುತ್ತದೆ. ಮೇಲೆ ಬೆಲ್ಲ ಸುರಿಯಬೇಕಾಗಿಲ್ಲ. ಆದರೆ ರಾಗಿಯೆಂದ ಮಾತ್ರಕ್ಕೆ ಎಲ್ಲವೂ ಸರಿಯೆನ್ನಲಾಗದು. ನುಣ್ಣನೆಯ ಹಿಟ್ಟನ್ನು ಸೋಸಿ ಮಾಡಿದ ತೆಳ್ಳನೆಯ ಗಂಜಿ ಮಧುಮೇಹಿಗಳಲ್ಲಿ ಸಕ್ಕರೆಯನ್ನು ಬೇಗ ಏರಿಸಬಲ್ಲದು. ಅವರಿಗೆ ತರಿತರಿಯಾದ ನುಚ್ಚು, ಸೋಸದ ಹಿಟ್ಟು, ಜೊತೆಗೆ ಕಾಳು ಅಥವಾ ಮೊಸರು ಲೇಸು.

ಮನೆಯಲ್ಲಿಯೇ ಬಟ್ಟಲಿನ ಧಾನ್ಯವನ್ನು ಸಿದ್ಧಪಡಿಸುವ ಸರಳ ಕ್ರಮ ಹೀಗಿದೆ. ಮೂರು ಲೋಟ ಜೋಳದ ಅಳ್ಳು, ಒಂದು ಲೋಟ ಬೆಚ್ಚಗೆ ಹುರಿದ ದಪ್ಪ ಅವಲಕ್ಕಿ, ಅರ್ಧ ಲೋಟ ಹುರಿದ ಶೇಂಗಾ, ಅರ್ಧ ಲೋಟ ಪುಟಾಣಿ, ಎರಡು ಚಮಚೆ ಹುರಿದ ಅಗಸೆ, ಎರಡು ಚಮಚೆ ಎಳ್ಳು. ಇವನ್ನು ಬೆರೆಸಿ ಗಾಳಿಯಾಡದ ಡಬ್ಬಿಯಲ್ಲಿ ತುಂಬಿಟ್ಟರೆ ಹತ್ತು ಹದಿನೈದು ದಿನ ಕೆಡದು. ಒಬ್ಬರಿಗೆ ಎರಡು ಹಿಡಿ ಸಾಕು. ಹಾಲು ಅಥವಾ ಮೊಸರು ಹಾಕಿ, ಅರ್ಧ ಬಾಳೆಹಣ್ಣನ್ನೋ ನಾಲ್ಕು ತುಂಡು ಪರಂಗಿಹಣ್ಣನ್ನೋ ಸೇರಿಸಿದರೆ ಸಕ್ಕರೆಯ ಹಂಗಿಲ್ಲದ ಉಪಾಹಾರ. ಐದು ವರ್ಷದೊಳಗಿನ ಮಕ್ಕಳಿಗೆ ಶೇಂಗಾ, ಪುಟಾಣಿ, ಅಳ್ಳುಗಳನ್ನು ಇಡಿಯಾಗಿ ಕೊಡಬಾರದು. ಗಂಟಲಿಗೆ ಸಿಕ್ಕುವ ಭಯವಿದೆ, ಪುಡಿ ಮಾಡಿ ಕಲಸಿ ಕೊಡಬೇಕು. ಬಿಸಿಯದೇ ಬೇಕೆನ್ನುವವರು ನವಣೆ ಅಕ್ಕಿಯ ಉಪ್ಪಿಟ್ಟನ್ನು ತರಕಾರಿ ಹೆಚ್ಚಾಗಿ ಹಾಕಿ ಮಾಡಬಹುದು. ಜೋಳದ ನುಚ್ಚನ್ನು ಬೇಯಿಸಿ ಮಜ್ಜಿಗೆಯೊಡನೆ ಉಣ್ಣಬಹುದು.

ಬೆಲ್ಲ, ಜೇನಿನ ಬಗ್ಗೆ ಒಂದು ಮಾತು. ‘ಸಕ್ಕರೆ ಬಿಟ್ಟು ಬೆಲ್ಲ ಹಿಡಿದಿದ್ದೇವೆ’ ಎಂದು ಅನೇಕರು ನೆಮ್ಮದಿಯಿಂದ ಹೇಳುತ್ತಾರೆ. ಬೆಲ್ಲದಲ್ಲಿ ಒಂದಿಷ್ಟು ಖನಿಜಾಂಶ ಇರುವುದು ನಿಜವಾದರೂ ಅದರ ಬಹುಪಾಲು ಸಕ್ಕರೆಯೇ. ಮಧುಮೇಹಿಯ ರಕ್ತಕ್ಕೆ ಇವೆರಡರ ನಡುವೆ ಭೇದ ತಿಳಿಯದು. ಒಂದು ವರ್ಷ ತುಂಬದ ಕೂಸಿಗಂತೂ ಜೇನುತುಪ್ಪವನ್ನು ನೆಕ್ಕಿಸಲೇಬಾರದು. ಅದರಿಂದ ಅಪರೂಪಕ್ಕೆ ಗಂಭೀರ ಕಾಯಿಲೆ ಬರುತ್ತದೆ. ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಸಕ್ಕರೆ, ಬೆಲ್ಲ ಯಾವುದೂ ಬೇಡ. ಆಗ ಕಲಿತ ರುಚಿ ಮುಂದೆಯೂ ಉಳಿಯುತ್ತದೆ.

ಬದಲಾಯಿಸುವ ಬಗೆ, ವಹಿಸಬೇಕಾದ ಎಚ್ಚರ

ಸಿಹಿ ಧಾನ್ಯಕ್ಕೆ ಒಗ್ಗಿದ ಮಗುವಿನಿಂದ ಡಬ್ಬಿಯನ್ನು ಒಮ್ಮೆಲೇ ಕಸಿದರೆ ಅಳು, ಹಟ, ಉಪವಾಸಗಳೇ ಫಲ. ಮೊದಲ ವಾರ ಮೂರು ಪಾಲು ಹಳೆಯದಕ್ಕೆ ಒಂದು ಪಾಲು ಅಳ್ಳು ಅಥವಾ ಸಾದಾ ಓಟ್ಸ್ ಬೆರೆಸಿ. ಎರಡನೆಯ ವಾರ ಅರ್ಧಕ್ಕರ್ಧ. ಮೂರನೆಯ ವಾರ ಒಂದಕ್ಕೆ ಮೂರು. ನಾಲಿಗೆ ಕೆಲವೇ ವಾರಗಳಲ್ಲಿ ಕಡಿಮೆ ಸಿಹಿಗೆ ಹೊಂದಿಕೊಳ್ಳುತ್ತದೆ. ಹಿರಿಯರು ತಾವು ತಿನ್ನುವುದನ್ನು ಮೊದಲು ಬದಲಾಯಿಸಿದರೆ ಮಕ್ಕಳಿಗೆ ಬೇರೆ ಉಪದೇಶ ಬೇಕಾಗುವುದಿಲ್ಲ.

ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಉಪಾಹಾರವನ್ನು ಬದಲಾಯಿಸುವ ಮೊದಲು ವೈದ್ಯರಿಗೆ ತಿಳಿಸಬೇಕು. ಆಹಾರದ ಸಕ್ಕರೆ ತಗ್ಗಿ ಔಷಧದ ಪ್ರಮಾಣ ಮೊದಲಿನಂತೆಯೇ ಉಳಿದರೆ ರಕ್ತದ ಸಕ್ಕರೆ ಅಪಾಯಕರ ಮಟ್ಟಕ್ಕೆ ಇಳಿಯಬಹುದು. ಲಿಂಗಪೂಜೆ ಮುಗಿಯುವವರೆಗೆ ಏನನ್ನೂ ಸೇವಿಸದ ನಿಯಮವಿರುವವರು ನಮ್ಮಲ್ಲಿ ಬಹಳ ಜನ. ಅಂಥವರು ಮಾತ್ರೆ ನುಂಗಿ ಅಥವಾ ಇನ್ಸುಲಿನ್ ಚುಚ್ಚಿಕೊಂಡು ಪೂಜೆಗೆ ಕುಳಿತುಬಿಡಬಾರದು. ಪೂಜೆ ಮುಗಿಯುವ ಹೊತ್ತನ್ನು ವೈದ್ಯರಿಗೆ ಹೇಳಿ ಔಷಧದ ಹೊತ್ತನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು. ಇಲ್ಲವೇ ಪೂಜೆಯನ್ನು ತುಸು ಮುಂಚಿತವಾಗಿ ಪೂರೈಸಬೇಕು. ನಡುವೆ ಕೈ ನಡುಕ, ಬೆವರು, ಕಣ್ಣು ಮಂಜಾಗುವುದು ಕಂಡರೆ ತಡಮಾಡದೆ ಮೂರು ನಾಲ್ಕು ಚಮಚೆ ಸಕ್ಕರೆ ಕದಡಿದ ನೀರನ್ನು ಕುಡಿಯಬೇಕು. ಆ ಗಳಿಗೆಯಲ್ಲಿ ಸಕ್ಕರೆಯೇ ಔಷಧ. ನಿಯಮ ಮುರಿಯಿತೆಂಬ ಅಳುಕು ಬೇಡ. ಮೂತ್ರಪಿಂಡದ ಕಾಯಿಲೆಯಿರುವವರು ರಾಗಿ, ಕಾಳು, ಬೀಜಗಳ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಉಣ್ಣುವುದನ್ನು ಪ್ರಸಾದವೆಂದು ಭಾವಿಸುವವರು ನಾವು. ಪ್ರಸಾದವೆಂದ ಮೇಲೆ ಅದು ಏನು, ಎಲ್ಲಿಯದು, ಎಷ್ಟು ಎಂಬ ಅರಿವೂ ಅದರೊಡನೆ ಇರಬೇಕಲ್ಲವೇ? ಇಂದು ಸಂಜೆ ಅಡುಗೆಮನೆಯ ಕಪಾಟಿನಲ್ಲಿರುವ ಡಬ್ಬಿಯನ್ನು ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು, ಅದರ ಬೆನ್ನನ್ನು ಒಮ್ಮೆ ಓದಿ. 100 ಗ್ರಾಂಗೆ ಸಕ್ಕರೆ ಎಷ್ಟೆಂದು ಹುಡುಕಿ, ಅದನ್ನು ನಾಲ್ಕರಿಂದ ಭಾಗಿಸಿ, ಅಷ್ಟು ಚಮಚೆ ಸಕ್ಕರೆಯನ್ನು ಒಂದು ತಟ್ಟೆಯಲ್ಲಿ ಹಾಕಿ ಮನೆಯವರೆಲ್ಲರ ಮುಂದೆ ಇಡಿ. ನಾಳೆಯ ಬಟ್ಟಲಿಗೆ ಏನು ಹಾಕಬೇಕೆಂಬುದನ್ನು ಮನೆಯವರೇ ನಿರ್ಧರಿಸುತ್ತಾರೆ.